ಮುಳ್ಳು ಸೋಕದ ಮುದ್ರಿಕೆ

ಇಂಗ್ಲೆಂಡು ಅಮೆರಿಕಗಳಲ್ಲಿ 1960 ಮತ್ತು 1970ರ ದಶಕಗಳಲ್ಲಿ ಹೊರಟ ರಾಕ್ ಸಂಗೀತದ ಧ್ವನಿಮುದ್ರಿಕೆಗಳನ್ನು ಅರಸಿ ತಂದು ಮನೆಯಲ್ಲಿ ಕೂಡಿಡುವ ರಸಿಕರ ವಿಷಯದಲ್ಲಿ ವಿದ್ಯಾವಂತರು ಆಡುವ ಮಾತು ಸಾಮಾನ್ಯವಾಗಿ ಎರಡು ಬಗೆಯದು. ಅದು ಸಂಗೀತವೇ ಅಲ್ಲ, ಬರಿಯ ಗದ್ದಲವೆಂಬುದು ಒಂದು. ಅದೇ ಹಾಡು ಕೈಯಲ್ಲಿರುವ ಫೋನಿನೊಳಗೆ ಸುಲಭವಾಗಿ ದೊರೆಯುತ್ತಿರುವಾಗ ಹನ್ನೆರಡು ಅಂಗುಲದ ಕಪ್ಪು ತಟ್ಟೆಗೆ ಹಣ ಸುರಿಯುವುದು ಮರುಳೆಂಬುದು ಇನ್ನೊಂದು. ಮೊದಲನೆಯ ಮಾತಿಗೆ ಉತ್ತರ ಕೊಡಬೇಕಾದುದಿಲ್ಲ. ರುಚಿಯನ್ನು ವಾದದಿಂದ ಹುಟ್ಟಿಸಲಾಗದು. ಎರಡನೆಯದು ಮಾತ್ರ ಸುಮ್ಮನೆ ಬಿಡತಕ್ಕದ್ದಲ್ಲ. ಏಕೆಂದರೆ ಅದರಲ್ಲಿ ಬರುವ ‘ಅದೇ ಹಾಡು’ ಎಂಬ ಮಾತೇ ಅನೇಕ ವೇಳೆ ಸುಳ್ಳು.

ಕರ್ಣಾಟಕ ಸಂಗೀತದ ರೀತಿಯನ್ನು ಬಲ್ಲವರಿಗೆ ಇಲ್ಲಿ ಒಂದು ಭ್ರಾಂತಿಯುಂಟಾಗುವುದು ಸಹಜ. ತ್ಯಾಗರಾಜರ ಕೃತಿ ಯಾವ ತಟ್ಟೆಯಲ್ಲಿಯೂ ಅಡಗಿ ಕುಳಿತಿಲ್ಲ. ಅದು ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಇಳಿದು ಬಂದು ಪ್ರತಿಯೊಂದು ಕಚೇರಿಯಲ್ಲಿಯೂ ಹೊಸತಾಗಿ ಹುಟ್ಟುವುದು; ಅದರ ಮುದ್ರಿಕೆಯೆಂಬುದು ಒಂದು ಸಂಜೆಯ ನೆರಳು ಮಾತ್ರ. ರಾಕ್ ಸಂಗೀತದ ಉತ್ತಮ ಕೃತಿಗಳ ಸ್ಥಿತಿ ಇದಕ್ಕೆ ತೀರ ವಿಪರೀತವಾದುದು. ಲಿವರ್‌ಪೂಲಿನ ಬೀಟಲ್ಸ್ ತಂಡದವರು 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಹಣ ತೆತ್ತು ಬಂದ ಶ್ರೋತೃಗಳ ಮುಂದೆ ಕೊನೆಯ ಬಾರಿಗೆ ಹಾಡಿ, ಕಚೇರಿಗಳಿಗೆ ಕೈಮುಗಿದರು. ಅದೇ ವರ್ಷದ ನವೆಂಬರಿನಿಂದ 1967ರ ಏಪ್ರಿಲಿನವರೆಗೆ ಅವರು ಲಂಡನ್ನಿನ ಆ್ಯಬಿ ರಸ್ತೆಯ ಧ್ವನಿಮುದ್ರಣಾಲಯದಲ್ಲಿ ಕುಳಿತು, ನಾಲ್ಕೇ ಪಥಗಳುಳ್ಳ ಟೇಪು ಯಂತ್ರಗಳ ಮೇಲೆ, ಜಾರ್ಜ್ ಮಾರ್ಟಿನ್ ಎಂಬ ನಿರ್ಮಾಪಕನ ನೆರವಿನಿಂದ, ಪದರದ ಮೇಲೆ ಪದರವಿಟ್ಟು ‘ಸಾರ್ಜೆಂಟ್ ಪೆಪ್ಪರ್’ ಎಂಬ ಮುದ್ರಿಕೆಯನ್ನು ಕಟ್ಟಿದರು. ಅದರ ಕೊನೆಯ ಹಾಡಿನಲ್ಲಿ ನಲವತ್ತು ಮಂದಿ ವಾದ್ಯಗಾರರ ಮೇಳವನ್ನು ಮತ್ತೆ ಮತ್ತೆ ಮುದ್ರಿಸಿ ಒಂದರ ಮೇಲೊಂದು ಸೇರಿಸಿರುವರು. ಈ ನಾದ ಯಾವ ವೇದಿಕೆಯ ಮೇಲೆಯೂ ಎಂದೂ ಕೇಳಿಬಂದುದಲ್ಲ. ಆದುದರಿಂದ ಅಲ್ಲಿ ಮುದ್ರಿಕೆಯು ಕೃತಿಯ ನೆರಳಲ್ಲ, ಮುದ್ರಿಕೆಯೇ ಕೃತಿ.

ಮುದ್ರಿಕೆಯೇ ಕೃತಿಯೆಂದ ಮೇಲೆ ಯಾವ ಮುದ್ರಿಕೆಯೆಂಬ ಪ್ರಶ್ನೆ ಏಳುವುದು. ಹಳಗನ್ನಡ ಕಾವ್ಯಗಳ ಓಲೆಪ್ರತಿಗಳನ್ನು ಕಂಡವರಿಗೆ ಈ ಪ್ರಶ್ನೆ ಹೊಸದಲ್ಲ. ಒಂದೇ ಕಾವ್ಯಕ್ಕೆ ಹತ್ತು ಪ್ರತಿಗಳು, ಹತ್ತರಲ್ಲಿಯೂ ಪಾಠಾಂತರಗಳು. ಅವುಗಳಲ್ಲಿ ಕವಿಯ ಮಾತಾವುದು, ಲಿಪಿಕಾರನ ಕೈವಾಡವಾವುದು ಎಂಬುದನ್ನು ಗೊತ್ತುಮಾಡಲು ಪಂಡಿತರು ಆಯುಷ್ಯವನ್ನೇ ಸವೆಸಿರುವರು. ಅವರನ್ನು ಮರುಳರೆಂದು ಯಾರೂ ಕರೆಯಲಿಲ್ಲ. ರಾಕ್ ಮುದ್ರಿಕೆಗಳಿಗೂ ಪಾಠಾಂತರಗಳುಂಟು. ‘ಸಾರ್ಜೆಂಟ್ ಪೆಪ್ಪರ್’ 1967ರಲ್ಲಿ ಎರಡು ಪಾಠಗಳಲ್ಲಿ ಹೊರಟಿತು: ಎಲ್ಲ ನಾದವನ್ನೂ ಒಂದೇ ಮಾರ್ಗದಲ್ಲಿ ಕೂಡಿಸಿದ ಮಾನೋ ಒಂದು, ಎಡಬಲಗಳಾಗಿ ಹಂಚಿದ ಸ್ಟೀರಿಯೋ ಒಂದು. ಕಲಾವಿದರು ಹತ್ತಿರ ಕುಳಿತು ಒಪ್ಪಿದ್ದು ಮಾನೋ ಪಾಠವನ್ನು. ಸ್ಟೀರಿಯೋ ಪಾಠವನ್ನು ತಂತ್ರಜ್ಞರು ಆಮೇಲೆ ಬೇಗಬೇಗನೆ ಮುಗಿಸಿದರು. ‘ಷೀಸ್ ಲೀವಿಂಗ್ ಹೋಮ್’ ಎಂಬ ಹಾಡು ಮಾನೋದಲ್ಲಿ ವೇಗವಾಗಿಯೂ ಹೆಚ್ಚಿನ ಶ್ರುತಿಯಲ್ಲಿಯೂ ಇದ್ದರೆ ಸ್ಟೀರಿಯೋದಲ್ಲಿ ನಿಧಾನವಾಗಿ ಕೆಳಗಿಳಿದಿರುವುದು. ಆದರೂ 1987ರಲ್ಲಿ ಕಾಂಪ್ಯಾಕ್ಟ್ ಡಿಸ್ಕಿಗೆ ಏರಿದ್ದು ಸ್ಟೀರಿಯೋ. ಮಾನೋ ಪಾಠ ಆ ರೂಪದಲ್ಲಿ ಬಂದದ್ದು 2009ರಲ್ಲಿ. ನಡುವಣ ಇಪ್ಪತ್ತೆರಡು ವರ್ಷ ಡಿಸ್ಕನ್ನೇ ನಂಬಿದವನು ಕೇಳಿದ್ದು ಕಲಾವಿದರು ಕಣ್ಣೆತ್ತಿ ನೋಡದಿದ್ದ ಪಾಠವನ್ನು. ಹಳೆಯ ತಟ್ಟೆಯನ್ನು ಜೋಪಾನಮಾಡಿದ ‘ಮರುಳ’ನು ಅವರ ಪಾಠವನ್ನೇ ಕೇಳುತ್ತಿದ್ದನು.

ಇದಾದರೂ ಉಪೇಕ್ಷೆಯ ಫಲವೆನ್ನಬಹುದು. ಬೇಕೆಂದೇ ಮೂಲವನ್ನು ತಿದ್ದಿದ ಸಂಗತಿಗಳೂ ಉಂಟು. ಟೆಕ್ಸಸ್ ಪ್ರಾಂತದ ಝೀ ಝೀ ಟಾಪ್ ತಂಡದ 1970ರ ದಶಕದ ಮುದ್ರಿಕೆಗಳನ್ನು 1987ರಲ್ಲಿ ಡಿಸ್ಕಿನಲ್ಲಿ ಹೊರಡಿಸುವಾಗ, ಅವುಗಳ ಡ್ರಮ್ಮಿನ ನಾದವನ್ನು ಆ ಕಾಲದ ಶೋಕಿಗೆ ತಕ್ಕಂತೆ ಹೊಸ ಯಂತ್ರಗಳಿಂದ ಮಾರ್ಪಡಿಸಿದರು. ತಂಡದ ಕೀರ್ತಿಗೆ ಕಾರಣವಾದ 1973ರ ‘ತ್ರೆಸ್ ಓಂಬ್ರೆಸ್’ ತನ್ನ ಮೂಲರೂಪದಲ್ಲಿ ಡಿಸ್ಕಿಗೆ ಬರಲು 2006ರವರೆಗೆ ಕಾಯಬೇಕಾಯಿತು. ಇದಕ್ಕಿಂತಲೂ ಘೋರವಾದುದು ಆಂಗ್ಲ ಗಾಯಕ ಆಜ಼ಿ ಆಸ್ಬೋರ್ನನ 1980 ಮತ್ತು 1981ರ ಎರಡು ಮುದ್ರಿಕೆಗಳಿಗೆ ಒದಗಿದ ಗತಿ. ಅವುಗಳಲ್ಲಿ ನುಡಿಸಿದ್ದ ಬಾಸ್ ವಾದಕನಿಗೂ ಡ್ರಮ್ ವಾದಕನಿಗೂ ಗಾಯಕನ ಪಕ್ಷಕ್ಕೂ ಹಣದ ವ್ಯಾಜ್ಯ ನಡೆದಿದ್ದಿತು. 2002ರಲ್ಲಿ ಮುದ್ರಿಕೆಗಳನ್ನು ಪುನಃ ಹೊರಡಿಸುವಾಗ ಆ ಇಬ್ಬರ ವಾದನವನ್ನು ಅಳಿಸಿ, ಬೇರೆ ಇಬ್ಬರಿಂದ ನುಡಿಸಿ ತುಂಬಿಸಿದರು. ಅದರಲ್ಲಿ ಗಿಟಾರ್ ನುಡಿಸಿದ ರ‍್ಯಾಂಡಿ ರೋಡ್ಸ್ 1982ರಲ್ಲಿಯೇ ತೀರಿಕೊಂಡಿದ್ದನು. ಸತ್ತು ಇಪ್ಪತ್ತು ವರ್ಷವಾದವನ ಕೈಬೆರಳಿಗೆ, ಅವನೊಡನೆ ಎಂದೂ ಕುಳಿತು ನುಡಿಸದವರ ಪಕ್ಕವಾದ್ಯ! ಲಿಪಿಕಾರನೊಬ್ಬನು ಸಾಲದ ಜಗಳಕ್ಕಾಗಿ ಕಾವ್ಯದ ಎರಡು ಆಶ್ವಾಸಗಳನ್ನು ಕಿತ್ತು ತನ್ನ ನೆಂಟನ ಪದ್ಯಗಳನ್ನು ಹೊಲಿದಿದ್ದರೆ ವಿದ್ವತ್ಸಭೆಗಳು ಸುಮ್ಮನಿರುತ್ತಿದ್ದುವೆ? ಕೇಳುಗರು ಸುಮ್ಮನಿರಲಿಲ್ಲ, 2011ರ ಆವೃತ್ತಿಯಲ್ಲಿ ಮೂಲ ವಾದನ ಮರಳಿ ಬಂದಿತು. ಹಳೆಯ ತಟ್ಟೆಗಳು ಮನೆಮನೆಗಳಲ್ಲಿ ಸಾಕ್ಷಿಯಾಗಿ ಉಳಿದಿರದಿದ್ದರೆ, ಆದ ಅನ್ಯಾಯ ಇಂತಹುದೆಂದು ತೋರಿಸುವುದಾದರೂ ಹೇಗೆ?

ಮೂಲ ಟೇಪುಗಳು ಸಂಸ್ಥೆಗಳ ಉಗ್ರಾಣದಲ್ಲಿ ಭದ್ರವಾಗಿವೆಯಷ್ಟೆ ಎಂದು ಕೆಲವರು ಸಮಾಧಾನ ಹೇಳುವರು. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋಸಿನ ಆವರಣದಲ್ಲಿ ಬೆಂಕಿ ಬಿದ್ದು ಧ್ವನಿಮುದ್ರಣಗಳ ಉಗ್ರಾಣವೊಂದು ಸುಟ್ಟಿತು. ಅಲ್ಲಿ ಬೂದಿಯಾದ ಮೂಲ ಟೇಪುಗಳ ಸಂಗತಿ ಲೋಕಕ್ಕೆ ವಿವರವಾಗಿ ತಿಳಿದದ್ದು ಹನ್ನೊಂದು ವರ್ಷಗಳ ಮೇಲೆ, 2019ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಬಯಲಿಗೆಳೆದಾಗ. ನಷ್ಟದ ಪ್ರಮಾಣವನ್ನು ಪತ್ರಿಕೆ ಹೆಚ್ಚಿಸಿ ಹೇಳಿತೆಂದು ಸಂಸ್ಥೆ ವಾದಿಸಿತು. ನಷ್ಟವೇ ಆಗಲಿಲ್ಲವೆಂದು ಹೇಳಲಾರದಾಯಿತು. ಒಂದೇ ಕಣಜದಲ್ಲಿ ಊರಿನ ಬೀಜವನ್ನೆಲ್ಲ ಸುರಿದಿಡುವುದು ಒಕ್ಕಲಿಗನ ಬುದ್ಧಿಯಲ್ಲ. ಸಾವಿರ ಮನೆಗಳ ಕಪಾಟುಗಳಲ್ಲಿ ಚೆದರಿರುವ ತಟ್ಟೆಗಳನ್ನು ಒಂದು ಬೆಂಕಿ ಸುಡಲಾರದು.

ಇಷ್ಟರಿಂದ ಸಂಗ್ರಾಹಕರೆಲ್ಲರೂ ಕೃತಿರಕ್ಷಕರೆಂದು ಜಯಘೋಷ ಮಾಡುವಂತಿಲ್ಲ. ಅವರ ಮೇಲಿನ ಅಪವಾದದಲ್ಲಿ ಒಂದಂಶ ದಿಟ. ಅದನ್ನು ಅವರ ಮಿತ್ರರೇ ಹೇಳಬೇಕು. 1968ರಲ್ಲಿ ಬಿಳಿಯ ಹೊದಿಕೆಯಲ್ಲಿ ಹೊರಟ ಬೀಟಲ್ಸ್ ಮುದ್ರಿಕೆಯ ಪ್ರತಿಗಳಿಗೆ ಕ್ರಮಸಂಖ್ಯೆಗಳನ್ನು ಅಚ್ಚೊತ್ತಿದ್ದರು. ಅದರ ಮೊದಲನೆಯ ಸಂಖ್ಯೆಯ ಪ್ರತಿ, ತಂಡದ ರಿಂಗೋ ಸ್ಟಾರನಿಗೆ ಸೇರಿದ್ದು, ಬಹುಕಾಲ ಬ್ಯಾಂಕಿನ ಭದ್ರಕೋಣೆಯಲ್ಲಿದ್ದು 2015ರಲ್ಲಿ 7,90,000 ಡಾಲರಿಗೆ ಹರಾಜಾಯಿತು. ಆ ಬೆಲೆ ತೆತ್ತದ್ದು ಹಾಡಿಗೋ, ಸಂಖ್ಯೆಗೋ? 1966ರಲ್ಲಿ ಅಮೆರಿಕದ ಕ್ಯಾಪಿಟಲ್ ಸಂಸ್ಥೆ ಅದೇ ತಂಡದ ಒಂದು ಮುದ್ರಿಕೆಗೆ, ಮಾಂಸದ ತುಂಡುಗಳನ್ನೂ ಮುರಿದ ಗೊಂಬೆಗಳನ್ನೂ ತೋರಿಸುವ ಚಿತ್ರವನ್ನು ಹೊದಿಸಿ, ಜನ ಹೇಸಲು ಹಿಂತೆಗೆದುಕೊಂಡು, ಹಲವು ಪ್ರತಿಗಳ ಮೇಲೆ ಬೇರೆ ಚಿತ್ರವನ್ನು ಅಂಟಿಸಿ ಮಾರಿತು. ಅಂಟಿಸಿದ ಕಾಗದದ ಕೆಳಗೆ ಹಳೆಯ ಚಿತ್ರವುಂಟೇ ಎಂದು ಕಣ್ಣು ಕಿರಿದುಮಾಡಿ ನೋಡುವವರಿಗೆ ಒಳಗಿನ ತಟ್ಟೆ ಬರಿಯ ತೂಕ. ಅಮೆರಿಕದಲ್ಲಿ 2022ರಲ್ಲಿ ಮಾರಾಟವಾದ ತಟ್ಟೆಗಳ ಸಂಖ್ಯೆ, 1987ರಿಂದೀಚೆಗೆ ಮೊದಲ ಬಾರಿಗೆ, ಕಾಂಪ್ಯಾಕ್ಟ್ ಡಿಸ್ಕುಗಳ ಸಂಖ್ಯೆಯನ್ನು ಮೀರಿತು. ಆದರೆ ಮರುವರ್ಷ ಲ್ಯೂಮಿನೇಟ್ ಎಂಬ ಸಂಸ್ಥೆ ಪ್ರಕಟಿಸಿದ ಲೆಕ್ಕದಂತೆ ಅಲ್ಲಿ ತಟ್ಟೆ ಕೊಂಡವರಲ್ಲಿ ಅರ್ಧದಷ್ಟು ಮಂದಿಯ ಮನೆಯಲ್ಲಿ ಅದನ್ನು ನುಡಿಸುವ ಯಂತ್ರವೇ ಇರಲಿಲ್ಲ!

ಮುದ್ರೆಯೊಡೆಯದ ಪ್ರತಿಯೇ ಶ್ರೇಷ್ಠವೆಂಬ ಮತ ಈ ರೋಗದ ಕೊನೆಯ ಅವಸ್ಥೆ. ನುಡಿಸಿದರೆ ಸವೆಯುವುದೆಂದು ಅವರು ವಾದಿಸುವರು. ಸವೆಯುವುದು ನಿಜ, ಆದರೆ ಒಳ್ಳೆಯ ಮುಳ್ಳು, ತಕ್ಕ ಭಾರ, ಧೂಳಿಲ್ಲದ ತಟ್ಟೆ ಇವಿಷ್ಟಿದ್ದರೆ ಸವೆತ ಬಹು ಅಲ್ಪ. ಬಿಗಿದ ತೆಳುಹಾಳೆಯೊಳಗೆ ದಶಕಗಟ್ಟಲೆ ಬಿಟ್ಟ ತಟ್ಟೆ ಒಮ್ಮೆಯೂ ಹಾಡದೆಯೇ ಸೊಟ್ಟಗಾಗುವುದೂ ಉಂಟು. ‘ಸಾರ್ಜೆಂಟ್ ಪೆಪ್ಪರಿ’ನ ಇಂಗ್ಲೆಂಡಿನ ಮೊದಲ ಪ್ರತಿಗಳಲ್ಲಿ ಕೊನೆಯ ಹಾಡು ಮುಗಿದ ಮೇಲೆ ಒಳಗಿನ ಗೆರೆಯಲ್ಲಿ ಅರ್ಥವಿಲ್ಲದ ಮಾತಿನ ತುಣುಕೊಂದನ್ನು ಕೊರೆದಿರುವರು, ತಾನಾಗಿ ನಿಲ್ಲದ ಯಂತ್ರದಲ್ಲಿ, ಕೇಳುವವನು ಎದ್ದು ಬಂದು ಮುಳ್ಳನ್ನು ಎತ್ತುವವರೆಗೂ ಅದು ಸುತ್ತುತ್ತಲೇ ಇರುವುದು. ಎತ್ತುವ ಕೈಯೊಂದು ಹತ್ತಿರದಲ್ಲಿಯೇ ಇರುವುದೆಂದು ನಂಬಿ ಮಾಡಿದ ವಿನೋದವದು. ಮುದ್ರೆಯೊಡೆಯದ ಪ್ರತಿಯಲ್ಲಿ ಆ ವಿನೋದ ಹುಟ್ಟಿಯೇ ಇಲ್ಲ.

ಕಲಾವಿದನಿಗೆ ತನ್ನ ಕೃತಿಯನ್ನು ತಿದ್ದುವ ಹಕ್ಕಿಲ್ಲವೇ ಎಂದು ಇನ್ನೊಂದು ಆಕ್ಷೇಪವುಂಟು. ಇಲ್ಲದೆ ಏನು? ಸ್ಟೂಜಸ್ ತಂಡದ 1973ರ ‘ರಾ ಪವರ್’ ಮುದ್ರಿಕೆಯ ಮಿಶ್ರಣವನ್ನು ಮಾಡಿದವನು ಡೇವಿಡ್ ಬೋವಿ. ತಂಡದ ಗಾಯಕ ಇಗ್ಗಿ ಪಾಪ್ 1997ರಲ್ಲಿ ಅದನ್ನು ತನ್ನ ಇಷ್ಟದಂತೆ ಬೇರೆಯಾಗಿ ಮಿಶ್ರಣಮಾಡಿ ಹೊರಡಿಸಿದನು. ಇವೆರಡರಲ್ಲಿ ಯಾವುದು ಮೇಲೆಂಬ ವಾದ ರಸಿಕರಲ್ಲಿ ಇನ್ನೂ ಮುಗಿದಿಲ್ಲ. ಎರಡೂ ಉಳಿದಿರುವುದರಿಂದಲೇ ಆ ವಾದಕ್ಕೆ ಎಡೆಯುಂಟು. ಹೊಸ ಪಾಠ ಬರಲಿ. ಹಳೆಯದನ್ನು ಅಡಗಿಸಿ, ಹೊಸದೇ ಮೂಲವೆಂದು ಮಾರುವುದು ಮಾತ್ರ ಸಲ್ಲದು.

ಹೀಗೆ ಈ ಕೃತಿಗಳಿಗೆ ಎರಡು ಕಡೆಯಿಂದ ಕೇಡುಂಟು. ಉಗ್ರಾಣದ ಒಡೆಯರು ತಿದ್ದಿಯೋ ಸುಟ್ಟೋ ಕೆಡಿಸುವರು. ಹರಾಜಿನ ಒಡೆಯರು ಕಿವಿಗೆ ನಿಲುಕದ ಹಾಗೆ ಬೀಗವಿಕ್ಕುವರು. ಇವರಿಬ್ಬರ ನಡುವೆ ಉಳಿದಿರುವವನು, ಹಳೆಯ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಮೂಲ ಪ್ರತಿಯನ್ನು ಗುರುತಿಸಿ, ತೊಳೆದು ಒರಸಿ, ಆದಿತ್ಯವಾರ ನಾಲ್ವರು ಗೆಳೆಯರನ್ನು ಕರೆದು ಕೂರಿಸಿ, ತಟ್ಟೆಯನ್ನು ತಿರುಗಿಸುವ ಬಡ ರಸಿಕನು. ಅವನ ಪ್ರತಿಯ ಹೊದಿಕೆ ಹರಿದಿರಬಹುದು. ಹರಾಜಿನಲ್ಲಿ ಅದನ್ನು ಕೇಳುವವರಿರಲಿಕ್ಕಿಲ್ಲ. ಆದರೆ ನಾಳೆ ಯಾರಾದರೂ ಮೂಲದಲ್ಲಿ ಹೇಗಿದ್ದಿತೆಂದು ವಿಚಾರಿಸಿಕೊಂಡು ಬಂದರೆ ತಟ್ಟೆಯನ್ನು ಯಂತ್ರದ ಮೇಲಿಟ್ಟು ಕೇಳಿಸಬಲ್ಲವನು ಅವನೇ. ವಿದ್ಯಾವಂತರು ಅವನನ್ನು ನೋಡಿ ನಗುವ ಮೊದಲು, ಒಂದು ಸಂಜೆ ಅವನ ಮನೆಗೆ ಹೋಗಿ ಎರಡು ಪಾಠಗಳನ್ನೂ ಕೇಳಿ ಬರುವುದು ಒಳ್ಳೆಯದು.