ಮುನ್ನೂರು ಗಜದ ಹೊಡೆತ, ಒಂದು ಗೇಣಿನ ಹೊಡೆತ

ಶಕ್ತಿ ಎಂಬುದು ಶಿವನ ಕೊಡುಗೆ. ಅದನ್ನು ಯಾರೂ ಸಂತೆಯಲ್ಲಿ ಕೊಂಡು ತಂದವರಿಲ್ಲ. ಒಬ್ಬನಿಗೆ ತೋಳಿನಲ್ಲಿ ಬಲ, ಇನ್ನೊಬ್ಬನಿಗೆ ಕಂಠದಲ್ಲಿ ಮಾಧುರ್ಯ, ಮತ್ತೊಬ್ಬನಿಗೆ ಲೆಕ್ಕದಲ್ಲಿ ಚುರುಕು. ಆದರೆ ಬಂದ ಶಕ್ತಿಯನ್ನು ಕಾಪಾಡಿಕೊಳ್ಳುವ ಸಂಯಮವನ್ನು ಮನುಷ್ಯ ದಿನದಿನವೂ ದುಡಿದು ಗಳಿಸಬೇಕು. ಪುರಾಣ ಪುಣ್ಯಕಥೆಗಳಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೀರಿ. ಇಂದು ದೂರದ ಅಮೆರಿಕ ದೇಶದ, ನಮ್ಮ ಕಾಲದವನೇ ಆದ ಒಬ್ಬ ಆಟಗಾರನ ಜೀವನದಿಂದ ಅದನ್ನು ವಿವರಿಸಬೇಕೆನಿಸಿದೆ.

ಅದಕ್ಕೆ ಕಾರಣವುಂಟು. ಮಠದ ಜಾತ್ರೆಗೆ ಬಂದಿದ್ದ ಒಬ್ಬ ತರುಣ, ಅಮೆರಿಕದಲ್ಲಿ ಉದ್ಯೋಗದಲ್ಲಿರುವವನು, ಸಂಜೆ ಪ್ರಸಾದವಾದ ಮೇಲೆ ನಮ್ಮ ಮುಂದೆ ಕುಳಿತು ಜಾನ್ ಡೇಲಿ ಎಂಬ ಗಾಲ್ಫ್ ಆಟಗಾರನ ಕಥೆ ಹೇಳಿದ. ಪಕ್ಕದಲ್ಲಿದ್ದ ಹಿರಿಯ ರೈತರೊಬ್ಬರು ಎಲ್ಲವನ್ನೂ ಕೇಳಿ, “ಅಜ್ಜಾರ, ಇಷ್ಟು ಬಲ ಕೊಟ್ಟ ದೇವರು ಅದನ್ನ ತಡಕೊಳ್ಳೋ ಬುದ್ಧಿ ಯಾಕ ಕೊಡಲಿಲ್ರೀ?” ಎಂದರು. “ಅದೆಲ್ಲ ಪ್ರಾರಬ್ಧ ಕರ್ಮ” ಎಂದು ನಾವು ಒಂದೇ ಮಾತಿನಲ್ಲಿ ಮುಗಿಸಿದೆವು. ಅವರು ನಮಸ್ಕರಿಸಿ ಸುಮ್ಮನೆ ಎದ್ದು ಹೋದರು. ಅವರ ಮಗ ಕುಡಿತಕ್ಕೆ ಬಿದ್ದು ಎರಡು ವರ್ಷಗಳಿಂದ ಮನೆಯ ಹೊರಗಿದ್ದಾನೆ, ತಂದೆಯೇ ಬಾಗಿಲು ಹಾಕಿದ್ದಾರೆ ಎಂಬುದು ಆಮೇಲೆ ತಿಳಿಯಿತು. ಅವರು ಕೇಳಿದ್ದು ಅಮೆರಿಕದವನ ಸಂಗತಿಯನ್ನಷ್ಟೇ ಅಲ್ಲ. ನಮ್ಮ ಉತ್ತರ ಸಾಲದಾಗಿತ್ತು. ಆ ಹಿರಿಯರಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇವೆ.

ಮೊದಲು ಆಟದ ಪರಿಚಯವಾಗಲಿ. ಗಾಲ್ಫ್ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಅದಕ್ಕೊಂದು ಕ್ಲಬ್ಬು ಸ್ಥಾಪನೆಯಾಯಿತು. ಹಳ್ಳಿಯ ಹಿರಿಯರು ಅದನ್ನು ಚಿಣಿದಾಂಡಿನ ದೂರದ ನೆಂಟನೆಂದು ತಿಳಿದರೆ ಸಾಕು. ವಿಶಾಲವಾದ ಹುಲ್ಲುಗಾವಲಿನಲ್ಲಿ 18 ಕುಳಿಗಳಿರುತ್ತವೆ. ಒಂದೊಂದು ಕುಳಿಯ ಬಾಯಿ ನಾಲ್ಕೂಕಾಲು ಅಂಗುಲ. ನೂರಾರು ಗಜ ದೂರದಿಂದ ಸಣ್ಣ ಚೆಂಡನ್ನು ಕೋಲಿನಿಂದ ಹೊಡೆಯುತ್ತ ಬಂದು ಕೊನೆಗೆ ಆ ಕುಳಿಯೊಳಗೆ ಬೀಳಿಸಬೇಕು. ಚಿಣಿದಾಂಡಿನಲ್ಲಿ ಚಿಣಿ ದೂರ ಹೋದಷ್ಟೂ ಲೆಕ್ಕ ಹೆಚ್ಚು. ಇಲ್ಲಿ ಹಾಗಲ್ಲ. ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ. 300 ಗಜ ಹಾರಿಸಿದ ಹೊಡೆತಕ್ಕೂ ಲೆಕ್ಕ ಒಂದೇ, ಕುಳಿಯ ಬಳಿ ಒಂದು ಗೇಣು ಉರುಳಿಸಿದ ಹೊಡೆತಕ್ಕೂ ಲೆಕ್ಕ ಒಂದೇ. ಈ ನಿಯಮವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಡೀ ಕಥೆ ಅದರಲ್ಲಿ ಅಡಗಿದೆ.

ಜಾನ್ ಡೇಲಿ ಹುಟ್ಟಿದ್ದು 1966ರಲ್ಲಿ. ಬೆಳೆದದ್ದು ಆರ್ಕನ್ಸಾ ರಾಜ್ಯದ ಡಾರ್ಡನೆಲ್ ಎಂಬ ಸಣ್ಣ ಊರಿನಲ್ಲಿ. ತೋಳಿನಲ್ಲಿ ಅಸಾಧಾರಣ ಬಲ. ಕೋಲನ್ನು ಬೆನ್ನ ಹಿಂದೆ ಉಳಿದವರಿಗಿಂತ ಬಹಳ ಕೆಳಗಿನವರೆಗೆ ಒಯ್ದು ಬೀಸಿದನೆಂದರೆ ಚೆಂಡು ಕಣ್ಣಿಗೆ ಕಾಣದಷ್ಟು ದೂರ. 1991ರ ಆಗಸ್ಟ್ ತಿಂಗಳಲ್ಲಿ ಇಂಡಿಯಾನಾ ರಾಜ್ಯದ ಕ್ರುಕೆಡ್ ಸ್ಟಿಕ್ ಮೈದಾನದಲ್ಲಿ ಪಿಜಿಎ ಚಾಂಪಿಯನ್‌ಶಿಪ್ ನಡೆಯಿತು. ಗಾಲ್ಫಿನ ನಾಲ್ಕು ಮಹಾಸ್ಪರ್ಧೆಗಳಲ್ಲಿ ಅದೊಂದು. ಅದರಲ್ಲಿ ಈತನಿಗೆ ಸ್ಥಾನವಿರಲಿಲ್ಲ, ಬದಲಿ ಆಟಗಾರರ ಪಟ್ಟಿಯಲ್ಲಿ ಒಂಬತ್ತನೆಯವನು. ನಿಕ್ ಪ್ರೈಸ್ ಎಂಬ ಆಟಗಾರ ಹೆಂಡತಿಯ ಹೆರಿಗೆ ಹತ್ತಿರವಾದುದರಿಂದ ಹಿಂದೆ ಸರಿದಾಗ ಈತನಿಗೆ ಕರೆ ಬಂತು. ರಾತ್ರಿ ಕಾರು ಓಡಿಸಿಕೊಂಡು ಬಂದು, ಅಭ್ಯಾಸವಿಲ್ಲದೆ, ಕಂಡರಿಯದ ಮೈದಾನದಲ್ಲಿ ಆಡಿ, ಮೂರು ಹೊಡೆತಗಳ ಅಂತರದಿಂದ ಗೆದ್ದ. 25 ವರ್ಷದ ಹುಡುಗ ನಾಲ್ಕು ದಿನಗಳಲ್ಲಿ ಲೋಕಪ್ರಸಿದ್ಧನಾದ.

ಆ ಸ್ಪರ್ಧೆಯ ಮೊದಲ ದಿನ ಇನ್ನೊಂದು ಘಟನೆ ನಡೆಯಿತು. ಆಟ ನೋಡಲು ಬಂದ ಒಬ್ಬ ಗೃಹಸ್ಥ ಸಿಡಿಲು ಬಡಿದು ತೀರಿಕೊಂಡ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಸಿಡಿಲು ಒಂದು ಮನೆಯನ್ನು ಹೇಗೆ ಅನಾಥ ಮಾಡುತ್ತದೆ ಎಂಬುದು ಹೊಲದಲ್ಲಿ ದುಡಿಯುವ ನಮ್ಮವರಿಗೆ ಹೇಳಿ ತಿಳಿಸಬೇಕಾಗಿಲ್ಲ. ಡೇಲಿ ತನಗೆ ಬಂದ 2,30,000 ಡಾಲರ್ ಬಹುಮಾನದಲ್ಲಿ 30,000 ಡಾಲರನ್ನು ಆ ಮಕ್ಕಳ ವಿದ್ಯಾಭ್ಯಾಸಕ್ಕೆ ಕೊಟ್ಟ. ಆ ಕುಟುಂಬ ಅವನಿಗೆ ನೆಂಟರಲ್ಲ, ಪರಿಚಯದವರೂ ಅಲ್ಲ. ಆಗ ಅವನು ಸಿರಿವಂತನೂ ಆಗಿರಲಿಲ್ಲ.

ಶ್ರೀ ಶಿವಯೋಗಿ ಶಿವಾಚಾರ್ಯರ ಸಿದ್ಧಾಂತ ಶಿಖಾಮಣಿಯು ಭಕ್ತಸ್ಥಲದಲ್ಲಿ ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಫಲವನ್ನು ಬಯಸಿ ಕೊಡುವುದು ಸೋಪಾಧಿಕ. ಫಲದ ಆಸೆಯಿಲ್ಲದೆ ಕೊಡುವುದು ನಿರುಪಾಧಿಕ. ಕೊಡುವವನು, ಕೊಡುವ ವಸ್ತು, ಪಡೆಯುವವನು ಎಲ್ಲವೂ ಶಿವಮಯವೆಂಬ ಅರಿವಿನಲ್ಲಿ ಕೊಡುವುದು ಸಹಜ. ಡೇಲಿಗೆ ಈ ಶಾಸ್ತ್ರ ತಿಳಿದಿರಲಿಕ್ಕಿಲ್ಲ. ಆದರೂ ಅವನ ಆ ದಾನ ಎರಡನೆಯ ಬಗೆಗೆ ಬಹಳ ಹತ್ತಿರದ್ದು. ಅವನೊಳಗೆ ಒಳ್ಳೆಯ ಬೀಜವಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಕೀರ್ತಿಯ ಜೊತೆಗೇ ಕುಡಿತವೂ ಬೆಳೆಯಿತು. 1993ರ ಆರಂಭದಲ್ಲಿ ಮದ್ಯವ್ಯಸನದ ಚಿಕಿತ್ಸೆಗೆ ಆಸ್ಪತ್ರೆ ಸೇರಬೇಕಾಯಿತು. ಅದರಿಂದ ಹೊರಬಂದು ಮದ್ಯ ಬಿಟ್ಟಿದ್ದ ಆ ಕಾಲದಲ್ಲೇ ಅವನ ಎರಡನೆಯ ಮಹಾವಿಜಯ ಒದಗಿತೆಂಬುದನ್ನು ಗಮನಿಸಬೇಕು. 1995ರಲ್ಲಿ, ಗಾಲ್ಫಿನ ತವರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಓಪನ್ ಚಾಂಪಿಯನ್‌ಶಿಪ್. ಗೆದ್ದೆನೆಂದುಕೊಂಡಾಗಲೇ ಇಟಲಿಯ ಕೊಸ್ತಾಂತೀನೊ ರೊಕ್ಕಾ ತಗ್ಗಿನಲ್ಲಿದ್ದ ಚೆಂಡನ್ನು ಬಹುದೂರ ಉರುಳಿಸಿ ಕುಳಿಗೆ ಬೀಳಿಸಿ ಸಮ ಮಾಡಿದ. ಬೇರೊಬ್ಬನಾಗಿದ್ದರೆ ಎದೆ ಒಡೆಯುತ್ತಿತ್ತು. ಡೇಲಿ ಸ್ಥಿಮಿತ ಕಳೆದುಕೊಳ್ಳದೆ, ನಿರ್ಣಾಯಕವಾದ ಮುಂದಿನ ನಾಲ್ಕು ಕುಳಿಗಳಲ್ಲಿ ನಾಲ್ಕು ಹೊಡೆತಗಳ ಅಂತರದಿಂದ ಗೆದ್ದ.

ಸ್ಥಿಮಿತವಿದ್ದಾಗ ಏನಾಯಿತೆಂಬುದನ್ನು ನೋಡಿದಿರಿ. ಅದು ತಪ್ಪಿದಾಗ ಏನಾಯಿತೆಂಬುದನ್ನೂ ನೋಡಿ. ಮತ್ತೆ ಕುಡಿತ ಹತ್ತಿತು. 1997ರಲ್ಲಿ ಮತ್ತೆ ಚಿಕಿತ್ಸೆ. ವಿಚಿತ್ರವೆಂದರೆ ಅದೇ ವರ್ಷ ಅವನ ದೂರದ ಹೊಡೆತಗಳ ಸರಾಸರಿ 300 ಗಜ ದಾಟಿತು. ಅಮೆರಿಕದ ಸ್ಪರ್ಧಾವಲಯದಲ್ಲಿ ಆ ಗಡಿ ದಾಟಿದವರಲ್ಲಿ ಅವನೇ ಮೊದಲಿಗ. ಬಲ ಎಳ್ಳಷ್ಟೂ ಕುಗ್ಗಿರಲಿಲ್ಲ. ಆದರೂ ಆ ವರ್ಷ ಅಂಥ ಒಂದು ಸ್ಪರ್ಧೆಯನ್ನೂ ಅವನು ಗೆಲ್ಲಲಿಲ್ಲ.

1998ರಲ್ಲಿ ಫ್ಲಾರಿಡಾದ ಬೇ ಹಿಲ್ ಮೈದಾನ. ಆರನೆಯ ಕುಳಿ ಒಂದು ಕೆರೆಯನ್ನು ಸುತ್ತುವರಿದು ಸಾಗುತ್ತದೆ. ಐದು ಹೊಡೆತಗಳಲ್ಲಿ ಮುಗಿಯಬೇಕಾದದ್ದು. ಪಕ್ಕದಲ್ಲಿ ಸುರಕ್ಷಿತವಾದ ದಾರಿಯಿತ್ತು. ಡೇಲಿ ಕೆರೆಯ ಮೇಲಿಂದಲೇ ಹಾರಿಸುತ್ತೇನೆಂದು ಹಠ ಹಿಡಿದ. ಒಂದು ಚೆಂಡು ನೀರಿಗೆ ಬಿತ್ತು. ಮತ್ತೊಂದು, ಮಗದೊಂದು. ಹೀಗೆ ಆರು ಚೆಂಡುಗಳು ನೀರು ಪಾಲಾದವು. ಆ ಒಂದು ಕುಳಿಗೆ ಅವನ ಲೆಕ್ಕ 18. ನೋಡುಗರಿಗೆ ಅದೊಂದು ಮೋಜು. ಅವನ ರಭಸಕ್ಕೆ ಚಪ್ಪಾಳೆ ತಟ್ಟುತ್ತಿದ್ದ ಜನ ಅವನ ಪತನದಲ್ಲಿ ಪಾಲುದಾರರಲ್ಲವೆಂದು ನಾವು ಹೇಗೆ ಹೇಳೋಣ?

2004ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಮತ್ತೆ ಗೆದ್ದ. 2005ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸುಪ್ರಸಿದ್ಧ ಟೈಗರ್ ವುಡ್ಸ್‌ನೊಂದಿಗೆ ಸಮವಾಗಿ ನಿಂತ. ನಿರ್ಣಾಯಕ ಆಟದಲ್ಲಿ ಸೋತದ್ದು ಯಾವ ಹೊಡೆತದಿಂದ ಗೊತ್ತೇ? ಕುಳಿಯಿಂದ ಕೆಲವೇ ಅಡಿ ದೂರದ, ಮಕ್ಕಳೂ ಉರುಳಿಸಬಹುದಾದಂಥ ಹೊಡೆತದಿಂದ. ಲೋಕದಲ್ಲೇ ದೂರ ಹೊಡೆಯುವವನನ್ನು ಒಂದು ಹತ್ತಿರದ ಹೊಡೆತ ಕೆಡವಿತು. ಸೋತರೂ ಅಂದು 7,50,000 ಡಾಲರ್ ಬಂದಿತ್ತು. ಮನೆಗೆ ಹೋಗುವ ಬದಲು ಜೂಜಿನ ನಗರವಾದ ಲಾಸ್ ವೇಗಸ್ಸಿಗೆ ಹೋಗಿ ಐದು ತಾಸುಗಳಲ್ಲಿ ಹದಿನಾರೂವರೆ ಲಕ್ಷ ಡಾಲರ್ ಕಳೆದ. ಇದು ಯಾರೋ ಕಟ್ಟಿದ ಕಥೆಯಲ್ಲ. 2006ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವನೇ ಹೇಳಿಕೊಂಡದ್ದು. ಜೂಜಿನಲ್ಲಿ ಒಟ್ಟು ಐದಾರು ಕೋಟಿ ಡಾಲರ್ ಹೋಯಿತೆಂದೂ ಅದರಲ್ಲಿ ಒಪ್ಪಿಕೊಂಡಿದ್ದಾನೆ. ನಮ್ಮ ರೂಪಾಯಿಯಲ್ಲಿ ಅದು ನೂರಾರು ಕೋಟಿ. ನಾಲ್ಕು ಸಲ ಕಟ್ಟಿದ ಸಂಸಾರ ನಾಲ್ಕೂ ಸಲ ಮುರಿಯಿತು. 2008ರ ಕೊನೆಯಲ್ಲಿ ಆಟದ ಮಂಡಳಿ ಆರು ತಿಂಗಳು ಅಮಾನತು ಮಾಡಿತು.

ಇದನ್ನು ಪರನಿಂದೆಗಾಗಿ ಬರೆಯುತ್ತಿಲ್ಲ. ಪರನಿಂದೆ ಸದಾಚಾರವಲ್ಲ. ತನ್ನ ತಪ್ಪನ್ನು ತಾನೇ ಊರೆಲ್ಲ ಕೇಳುವಂತೆ ಹೇಳಿಕೊಂಡವನನ್ನು ನಿಂದಿಸುವ ಅಧಿಕಾರವೂ ನಮಗಿಲ್ಲ. ಒಂದು ಲೆಕ್ಕವನ್ನಷ್ಟೇ ಓದುಗರ ಮುಂದಿಡುತ್ತೇವೆ. ಜೂಜಿಗೆ ಹೋದ ಕೋಟಿಗಳಿಂದ ಒಂದು ಮನೆಯೂ ಬೆಳಗಲಿಲ್ಲ. ಸಿಡಿಲಿಗೆ ತಂದೆಯನ್ನು ಕಳೆದುಕೊಂಡ ಮಕ್ಕಳ ಓದಿಗೆ ಕೊಟ್ಟ 30,000 ಮಾತ್ರ ಮೂವತ್ತು ವರ್ಷ ಕಳೆದ ಮೇಲೂ ಅವನ ಹೆಸರಿನಲ್ಲಿ ಜಮೆಯಾಗಿದೆ.

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಕರ್ಮವಿಲ್ಲವೆಂದು ನಾವು ಹೇಳುವುದಿಲ್ಲ. ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯಗಳು ಜೀವನನ್ನು ಬಿಗಿದಿವೆ ಎಂಬುದು ಶಾಸ್ತ್ರಸಿದ್ಧ. ಆದರೆ ಆ ಮಲಗಳು ಕಳೆಯಲಾರವು ಎಂದಿದ್ದರೆ ಗುರುವೇಕೆ, ದೀಕ್ಷೆಯೇಕೆ, ಲಿಂಗಧಾರಣೆಯೇಕೆ? ಕಳೆಯಬಲ್ಲವೆಂದೇ ಗುರುಕಾರುಣ್ಯವಿದೆ. ಆದುದರಿಂದ “ಕರ್ಮ” ಎಂದು ಹೇಳಿ ಕೈತೊಳೆದುಕೊಂಡದ್ದು ನಮ್ಮ ತಪ್ಪು. ಶಿವನು ಬಲವನ್ನು ಹುಟ್ಟಿನೊಡನೆ ಕೊಟ್ಟ. ಸಂಯಮವನ್ನು ಮನೆಯವರ, ಗುರುಹಿರಿಯರ, ಊರಿನವರ ಕೈಯಲ್ಲಿಟ್ಟು, ಮಗುವಿಗೆ ಕಲಿಸಿರೆಂದ. ಕಲಿಸುವ ಭಾರ ನಮ್ಮದು.

ನಾವು ಏನು ಕಲಿಸುತ್ತಿದ್ದೇವೆ? ಜಾತ್ರೆಯಲ್ಲಿ ಗುಂಡು ಎತ್ತಿದ ಮಗನ ಬೆನ್ನು ತಟ್ಟುತ್ತೇವೆ. ದುಡಿದ ಕೂಲಿಯನ್ನು ಸಂಜೆ ತಾಯಿಯ ಕೈಗಿತ್ತ ಮಗನನ್ನು ಯಾರು ಹೊಗಳುತ್ತಾರೆ? ಮದುವೆಯಲ್ಲಿ ಸಾವಿರ ಜನಕ್ಕೆ ಊಟ ಹಾಕಿದವನ ಹೆಸರು ಊರೆಲ್ಲ ಹಬ್ಬುತ್ತದೆ. ಸಾರಾಯಿ ಅಂಗಡಿಯ ಮುಂದೆ ಕಾಲು ನಿಲ್ಲಿಸದೆ ಮನೆಗೆ ಬಂದವನ ಗೆಲುವು ಅವನ ಹೆಂಡತಿಗೆ ಮಾತ್ರ ಗೊತ್ತು. ವರ್ಷಕ್ಕೊಮ್ಮೆ ಪಲ್ಲಕ್ಕಿ ಹೊತ್ತರೆ ಭಕ್ತಿ ಮುಗಿಯಿತೇ? ದಿನವೂ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಕ್ಷಣಕಾಲ ಮನಸ್ಸು ನಿಲ್ಲಿಸುವುದು ಗೇಣುದ್ದದ ಹೊಡೆತ. ಅದಕ್ಕೂ ಲೆಕ್ಕ ಒಂದೇ ಎಂಬುದನ್ನು ಮಕ್ಕಳಿಗೆ ನಾವು ಹೇಳಲೇ ಇಲ್ಲ. ಇಂದು ಇಸ್ಪೀಟು, ಮಟಕಾಗಳ ಜೊತೆಗೆ ಮೊಬೈಲಿನ ಜೂಜೂ ಅಂಗೈಗೇ ಬಂದು ಕುಳಿತಿದೆ. ಲಿಂಗವಿರಬೇಕಾದ ಕೈಯಲ್ಲಿ ಅದಿದ್ದರೆ ಹೊಲ ಮನೆ ಉಳಿಯುವುದಾದರೂ ಹೇಗೆ?

ಇನ್ನು ಬಿದ್ದವರ ಮಾತು. ಡೇಲಿಯ ಕಥೆ 2008ಕ್ಕೆ ಮುಗಿಯಲಿಲ್ಲ. 2017ರಲ್ಲಿ, 51ನೆಯ ವಯಸ್ಸಿನಲ್ಲಿ, ಹಿರಿಯ ಆಟಗಾರರ ವಲಯದಲ್ಲಿ ಮತ್ತೆ ಗೆದ್ದ. 2020ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಚಿಕಿತ್ಸೆ ಪಡೆಯುತ್ತಲೇ, 2021ರ ಡಿಸೆಂಬರಿನಲ್ಲಿ ತನ್ನ ಮಗನೊಡನೆ ಜೋಡಿಯಾಗಿ ಆಡಿ, ಟೈಗರ್ ವುಡ್ಸ್ ಮತ್ತು ಅವನ ಮಗನ ಜೋಡಿಯನ್ನು ಹಿಂದಿಕ್ಕಿ ಪ್ರಶಸ್ತಿ ಪಡೆದ. ಅವನು ಸಂತನಾದನೆಂದು ನಾವು ಹೇಳುತ್ತಿಲ್ಲ. ಇಷ್ಟೆಲ್ಲ ಆದ ಮೇಲೂ ಮಗ ತಂದೆಯ ಪಕ್ಕದಲ್ಲಿ ನಿಂತ ಎಂಬುದನ್ನು ಮಾತ್ರ ಹೇಳುತ್ತಿದ್ದೇವೆ. ತಂದೆಗಾಗಿ ಮಗ ನಿಲ್ಲಬಹುದಾದರೆ, ಮಗನಿಗಾಗಿ ತಂದೆ ನಿಲ್ಲಲಾರನೇ?

ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ಸುತ್ತಿದವರು. ಅವರು ಬೇಡಿದ್ದು ದವಸವನ್ನಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಕುಡುಕನ ಬಾಗಿಲಿಗೆ ಗುರುವೇ ಹೋಗಿ ನಿಂತ ನಾಡಿನಲ್ಲಿ, ತಂದೆ ಬಾಗಿಲು ಹಾಕಿಕೊಳ್ಳುವುದು ತರವಲ್ಲ.

ಆದಕಾರಣ ಆ ಹಿರಿಯರಿಗೆ ನಮ್ಮ ಮಾತು ಇಷ್ಟು. ಮನೆಯ ಬಾಗಿಲು ತೆರೆಯಿರಿ, ಆದರೆ ಪೆಟ್ಟಿಗೆಯ ಕೀಲಿಯನ್ನು ಸದ್ಯಕ್ಕೆ ಸೊಸೆಯ ಕೈಯಲ್ಲಿಡಿ. ಕುಡಿತ ಪಾಪವಷ್ಟೇ ಅಲ್ಲ, ರೋಗವೂ ಹೌದು. ಆದ್ದರಿಂದ ಮಗನನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸೆಯುಂಟು. ಒಂದು ಸಲಕ್ಕೆ ಬಿಡದಿದ್ದರೆ ಎರಡನೆಯ ಸಲ ಒಯ್ಯಿರಿ. ಜನ್ಮಪೂರ್ತಿ ಬಿಡುತ್ತೇನೆಂಬ ದೊಡ್ಡ ಆಣೆಯನ್ನು ಅವನಿಂದ ಕೇಳಬೇಡಿ. ಅದು ಕೆರೆಯ ಮೇಲಿಂದ ಹಾರಿಸುವ ಹೊಡೆತ, ನೀರಿಗೆ ಬೀಳುವ ಭಯ ಹೆಚ್ಚು. ಇಂದಿನ ಸಂಜೆಯೊಂದನ್ನು ದಾಟಿಸಲಿ, ನಾಳೆ ನಾಳೆಯದನ್ನು. ದಾಟಿದ ಸಂಜೆ ಅವನ ಪಕ್ಕದಲ್ಲಿ ಕುಳಿತು ಊಟ ಮಾಡಿ. ಬರುವ ಅಮಾವಾಸ್ಯೆಗೆ ಅವನನ್ನು ಕರೆದುಕೊಂಡು ಮಠಕ್ಕೆ ಬನ್ನಿ. ಅಂದು ಕೊಡದ ಉತ್ತರವನ್ನು ಅವನ ಎದುರಿಗೇ ಕುಳಿತು ಹೇಳುತ್ತೇವೆ.

ಸರ್ವರಿಗೂ ಸನ್ಮಂಗಲವಾಗಲಿ.