ಸೈನಿಕನ ಪಿಂಚಣಿಯಲ್ಲಿ ಅವಳ ಪಾಲೆಷ್ಟು?

ಸರ್ಕಾರಿ ನೌಕರಿಯ ಮಾತು ಬಂದಾಗಲೆಲ್ಲ ನಮ್ಮ ಹಾಸ್ಟೆಲ್‌ನಲ್ಲಿ ತಪ್ಪದೆ ಕೇಳಿಬರುವ ಪದ ಪಿಂಚಣಿ. ಸಿಡಿಎಸ್ ಪರೀಕ್ಷೆಗೆ ಓದುತ್ತಿರುವ ಗೆಳೆಯರಂತೂ ಸೇನೆಯಲ್ಲಿ ಇನ್ನೂ ಹಳೆಯ ಪಿಂಚಣಿ ಪದ್ಧತಿಯೇ ಇದೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಆ ಪಿಂಚಣಿ ಯಾರ ದುಡಿಮೆಯ ಫಲ? ಸಮವಸ್ತ್ರ ತೊಟ್ಟವರದು ಮಾತ್ರವೇ? ಗಂಡ–ಹೆಂಡತಿ ಒಟ್ಟಿಗಿರುವವರೆಗೆ ಈ ಪ್ರಶ್ನೆ ಯಾರಿಗೂ ಕಾಡುವುದಿಲ್ಲ. ವಿಚ್ಛೇದನವಾದಾಗ ಮಾತ್ರ ಅದು ಎದುರಿಗೆ ಬಂದು ನಿಲ್ಲುತ್ತದೆ.

ಅಮೆರಿಕ ಈ ಪ್ರಶ್ನೆಯನ್ನು ನಲವತ್ತು ವರ್ಷಗಳ ಹಿಂದೆಯೇ ಎದುರಿಸಿತು. ಸೇನಾ ವೈದ್ಯರಾಗಿದ್ದ ಕರ್ನಲ್ ಒಬ್ಬರ ವಿಚ್ಛೇದನ ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1981ರಲ್ಲಿ ಬಂದ ‘ಮೆಕಾರ್ಟಿ’ ತೀರ್ಪು, ಸೈನಿಕರ ನಿವೃತ್ತಿ ವೇತನವನ್ನು ಹಂಚುವ ಅಧಿಕಾರ ರಾಜ್ಯಗಳ ನ್ಯಾಯಾಲಯಗಳಿಗೆ ಇಲ್ಲ ಎಂದಿತು. ಆದರೆ ಮಾಜಿ ಪತ್ನಿಯರ ಸಂಕಷ್ಟ ಗಂಭೀರವಾದದ್ದು, ಅದನ್ನು ಸರಿಪಡಿಸಬೇಕಾದ್ದು ಅಲ್ಲಿನ ಸಂಸತ್ತು ಎಂಬ ಸೂಚನೆಯೂ ಆ ತೀರ್ಪಿನಲ್ಲಿತ್ತು. ಮರುವರ್ಷವೇ, ಅಂದರೆ 1982ರಲ್ಲಿ, ಮಾಜಿ ಸಂಗಾತಿಗಳ ರಕ್ಷಣೆಗೆಂದೇ ಕಾನೂನು ಬಂತು. ಕೊಲರಾಡೊದ ಸಂಸದೆ ಪ್ಯಾಟ್ರೀಷಿಯಾ ಶ್ರೋಡರ್ ಅದರ ಹಿಂದಿದ್ದ ಮುಖ್ಯ ಶಕ್ತಿ.

ಇಂಥ ಕಾನೂನು ಯಾಕೆ ಬೇಕಾಯಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಸೈನಿಕನಿಗೆ ಎರಡು–ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಜೊತೆಗೆ ಹೆಂಡತಿಯೂ ಗಂಟುಮೂಟೆ ಕಟ್ಟಬೇಕು. ಹೊಸ ಊರಲ್ಲಿ ಕೆಲಸ ಹುಡುಕಿಕೊಂಡು ಕಾಲೂರುವಷ್ಟರಲ್ಲಿ ಮತ್ತೊಂದು ಆದೇಶ. ಅವನ ಸೇವಾ ಪುಸ್ತಕದಲ್ಲಿ ವರ್ಷಗಳು ಸೇರುತ್ತಾ ಹೋಗುತ್ತವೆ, ಅವಳ ಬಯೋಡೇಟಾದಲ್ಲಿ ಖಾಲಿ ಜಾಗ ಬೆಳೆಯುತ್ತಾ ಹೋಗುತ್ತದೆ. ನಮ್ಮ ಪ್ರಾಜೆಕ್ಟ್ ತಂಡದಲ್ಲಿ ಒಬ್ಬ ಕೋಡ್ ಬರೆದು, ಉಳಿದೆಲ್ಲ ಓಡಾಟವನ್ನು ಇನ್ನೊಬ್ಬರು ಮಾಡಿ, ಕೊನೆಗೆ ಅಂಕವೆಲ್ಲ ಕೋಡ್ ಬರೆದವನಿಗೇ ಹೋದರೆ ನಾವು ಸುಮ್ಮನಿರುತ್ತೇವೆಯೇ?

ಆ ಕಾನೂನು ಎಲ್ಲರಿಗೂ ಅರ್ಧ ಪಿಂಚಣಿ ಕೊಟ್ಟುಬಿಡುತ್ತದೆ ಎಂದಲ್ಲ. ಹಂಚಬಹುದು ಎಂಬ ಅಧಿಕಾರವನ್ನಷ್ಟೇ ಅದು ನ್ಯಾಯಾಲಯಕ್ಕೆ ಕೊಡುತ್ತದೆ. ಅನೇಕ ರಾಜ್ಯಗಳಲ್ಲಿ ಬಳಕೆಯಲ್ಲಿರುವ ಲೆಕ್ಕ ಸರಳ. ಸೇವೆಯ ಒಟ್ಟು ವರ್ಷಗಳಲ್ಲಿ ದಾಂಪತ್ಯದ ವರ್ಷಗಳೆಷ್ಟು, ಅದರ ಅರ್ಧ. 20 ವರ್ಷದ ಸೇವೆಯಲ್ಲಿ 12 ವರ್ಷ ಒಟ್ಟಿಗೆ ಬಾಳಿದ್ದರೆ ಅವಳ ಪಾಲು ಶೇ 30. ‘ಗಡಿಯಲ್ಲಿ ಗುಂಡಿಗೆ ಎದೆಯೊಡ್ಡಿದವನ ದುಡ್ಡಿನಲ್ಲಿ ಅವಳಿಗೇಕೆ ಪಾಲು’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಮದುವೆಗೆ ಮುಂಚಿನ ಸೇವೆಯ ವರ್ಷಗಳಲ್ಲಿ ಅವಳು ಪಾಲು ಕೇಳುತ್ತಿಲ್ಲ. ವಿಚ್ಛೇದನದ ನಂತರ ಸಿಕ್ಕ ಬಡ್ತಿಯ ಲಾಭ ಮಾಜಿ ಸಂಗಾತಿಗೆ ಹೋಗದಂತೆ 2016ರ ಕೊನೆಯಲ್ಲಿ ತಿದ್ದುಪಡಿಯೂ ಆಗಿದೆ. ಕಾನೂನು ಹೇಳುವುದು ‘ಸಂಗಾತಿ’ ಎಂದು. ಹೆಂಡತಿ ಸೈನಿಕಳಾಗಿದ್ದರೆ ಗಂಡನೂ ಪಾಲು ಕೇಳಬಹುದು.

ಆದರೆ ಹಕ್ಕು ತಾನಾಗಿ ಮನೆಗೆ ಬರುವುದಿಲ್ಲ. ‘ಹತ್ತು ವರ್ಷದ ದಾಂಪತ್ಯ ಇಲ್ಲದಿದ್ದರೆ ಪಾಲೇ ಇಲ್ಲ’ ಎಂಬ ತಪ್ಪು ತಿಳಿವಳಿಕೆ ಅಲ್ಲಿ ವ್ಯಾಪಕವಾಗಿದೆ. ವಾಸ್ತವದಲ್ಲಿ ಆ ಹತ್ತು ವರ್ಷದ ನಿಯಮ, ರಕ್ಷಣಾ ಇಲಾಖೆಯ ಹಣಕಾಸು ಕಚೇರಿಯಿಂದ ಪಾಲು ನೇರವಾಗಿ ಕೈಸೇರಲು ಮಾತ್ರ ಅನ್ವಯ. ಅದಕ್ಕಿಂತ ಕಡಿಮೆಯಿದ್ದರೂ ನ್ಯಾಯಾಲಯ ಪಾಲು ಕೊಡಬಹುದು. ಆಗ ಹಣ ಕೊಡಬೇಕಾದವರು ಮಾಜಿ ಸಂಗಾತಿಯೇ. ನಿವೃತ್ತ ಸೈನಿಕ ತೀರಿಕೊಂಡರೆ ಈ ಪಾಲು ನಿಂತುಹೋಗುತ್ತದೆ. ಆ ನಂತರವೂ ಆಸರೆ ಬೇಕೆಂದರೆ ಉತ್ತರಜೀವಿ ಯೋಜನೆಯಲ್ಲಿ ಹೆಸರಿರಬೇಕು. ನ್ಯಾಯಾಲಯದ ಆದೇಶ ಹಿಡಿದು ತಾವೇ ಅರ್ಜಿ ಹಾಕುವ ಮಾಜಿ ಸಂಗಾತಿಗೆ ಇರುವ ಗಡುವು ಒಂದು ವರ್ಷ.

ಕಾನೂನಿನಲ್ಲಿ ತೂತುಗಳೂ ಇವೆ. ಅಂಗವೈಕಲ್ಯ ಭತ್ಯೆ ಪಡೆಯಲು ನಿವೃತ್ತಿ ವೇತನದ ಒಂದು ಭಾಗವನ್ನು ಬಿಟ್ಟುಕೊಟ್ಟರೆ, ಬಿಟ್ಟುಕೊಟ್ಟ ಭಾಗವನ್ನು ಹಂಚುವಂತಿಲ್ಲ. 2017ರ ‘ಹೋವೆಲ್’ ಪ್ರಕರಣದಲ್ಲಿ ವಾಯುಪಡೆಯ ನಿವೃತ್ತರೊಬ್ಬರು ವಿಚ್ಛೇದನವಾಗಿ ವರ್ಷಗಳ ನಂತರ ಹೀಗೆ ಮಾಡಿದಾಗ ಮಾಜಿ ಪತ್ನಿಯ ಪಾಲು ಇಳಿಯಿತು. ಆ ನಷ್ಟವನ್ನು ತುಂಬಿಕೊಡಿ ಎಂದು ಆದೇಶಿಸುವ ಅಧಿಕಾರವೂ ರಾಜ್ಯದ ನ್ಯಾಯಾಲಯಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಗಾಯಗೊಂಡ ಸೈನಿಕನಿಗೆ ಆ ಭತ್ಯೆ ಸಲ್ಲಬೇಕಾದದ್ದೇ. ಆದರೆ ಅದರ ಬೆಲೆಯನ್ನು ತೆರಬೇಕಾದ್ದು ಸರ್ಕಾರವೇ ಹೊರತು ಮಾಜಿ ಪತ್ನಿಯಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಏನಿದೆ? ಕೊಡಗಿನಿಂದ ಬೆಳಗಾವಿಯವರೆಗೆ ಮಕ್ಕಳನ್ನು ಸೇನೆಗೆ ಕಳಿಸಿದ ಊರುಗಳು ಕರ್ನಾಟಕದಲ್ಲಿ ಎಷ್ಟೋ ಇವೆ. ಆದರೆ ನಮ್ಮ ಕಾನೂನು ಬೇರ್ಪಟ್ಟ ಪತ್ನಿಗೆ ಕೊಡುವುದು ಪಾಲಲ್ಲ, ಜೀವನಾಂಶ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಇದೆ. ಹಳೆಯ ಸಿಆರ್‌ಪಿಸಿಯ 125ನೇ ಸೆಕ್ಷನ್ ಈಗ ಬಿಎನ್‌ಎಸ್‌ಎಸ್‌ನ 144 ಆಗಿದೆ. ಎರಡರಲ್ಲೂ ನ್ಯಾಯಾಲಯ ಆಕೆಯ ಪರಿಸ್ಥಿತಿ, ಆತನ ಸಾಮರ್ಥ್ಯ ನೋಡಿ ಮೊತ್ತ ನಿಗದಿ ಮಾಡುತ್ತದೆ. ವಿಚ್ಛೇದಿತ ಪತ್ನಿಗೆ ಕುಟುಂಬ ಪಿಂಚಣಿಯೂ ಇಲ್ಲ. ದಾಂಪತ್ಯದಲ್ಲಿ ಗಳಿಸಿದ್ದು ಇಬ್ಬರದೂ ಎಂಬ ತತ್ವ ಕಾನೂನಾಗಿ ಇರುವುದು ರಾಜ್ಯಗಳ ಪೈಕಿ ಗೋವಾದಲ್ಲಿ ಮಾತ್ರ.

ಗಾಳಿ ಸ್ವಲ್ಪ ಬದಲಾಗುತ್ತಿದೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆದಾಯ, ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ‘ರಜನೀಶ್ ವಿರುದ್ಧ ನೇಹಾ’ ಪ್ರಕರಣದಲ್ಲಿ ಹೇಳಿತು. ಗಂಡ ದುಡಿದು ಕೊಂಡ ಆಸ್ತಿಯಲ್ಲಿ ಗೃಹಿಣಿಯ ಶ್ರಮಕ್ಕೂ ಸಮಪಾಲಿದೆ ಎಂದು ಮದ್ರಾಸ್ ಹೈಕೋರ್ಟ್ 2023ರಲ್ಲಿ ತೀರ್ಪು ಕೊಟ್ಟಿತು. ಈ ಮಾತು ಪಿಂಚಣಿಗೂ ಅನ್ವಯವಾಗಬೇಕು. ಅದಕ್ಕೆ ಬಿಡಿ ತೀರ್ಪುಗಳು ಸಾಲದು, ಸಂಸತ್ತಿನ ಕಾನೂನೇ ಬೇಕು.

ಜೀವನಾಂಶಕ್ಕೂ ಪಾಲಿಗೂ ಇರುವ ವ್ಯತ್ಯಾಸ ಬರೀ ಪದದ್ದಲ್ಲ. ಜೀವನಾಂಶ ಕೇಳುವವಳು ತನ್ನ ಕಷ್ಟವನ್ನು ಸಾಬೀತು ಮಾಡಬೇಕು. ಪಾಲು ಕೇಳುವವಳು ತಾನು ಬಾಳಿದ ವರ್ಷಗಳನ್ನು ತೋರಿಸಿದರೆ ಸಾಕು. ನಮ್ಮ ತರಗತಿಯ ಎಷ್ಟೋ ಹುಡುಗಿಯರು ನಾಳೆ ಕೈಯಲ್ಲಿ ಆಫರ್ ಲೆಟರ್ ಇದ್ದರೂ ಸಂಗಾತಿಯ ವರ್ಗಾವಣೆಗೆಂದು ಅದನ್ನು ಬಿಡಬಹುದು. ಪ್ರೀತಿಯಿಂದಲೇ ಬಿಡುತ್ತಾರೆ, ಬಿಡಲಿ. ಆದರೆ ಹಾಗೆ ಬಿಟ್ಟುಕೊಟ್ಟ ವರ್ಷಗಳು ಯಾವುದಾದರೂ ಲೆಕ್ಕಪುಸ್ತಕದಲ್ಲಿ ಅವರ ಹೆಸರಿನಲ್ಲೂ ಜಮೆಯಾಗಬೇಕಲ್ಲವೇ?