ಯಂತ್ರ ಹೇಳಿತೆಂದರೆ ಸಾಲದು

ವೈದ್ಯನ ಕೈಗುಣ ಗಣಕಯಂತ್ರಕ್ಕೆ ಬಂದೀತೇ ಎಂದು ಸಭೆಗಳಲ್ಲಿ ಕೇಳುವವರಿದ್ದಾರೆ. ಚಪ್ಪಾಳೆ ಗಿಟ್ಟಿಸುವ ಪ್ರಶ್ನೆ. ಆದರೆ ಇದಕ್ಕೆ ಉತ್ತರ ಬಂದು ಅರ್ಧ ಶತಮಾನ ಕಳೆಯಿತು.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಾಲ್ ಮತ್ತು ಸಂಗಡಿಗರು, ತೀವ್ರ ಹೊಟ್ಟೆನೋವಿನಿಂದ ಬಂದ 304 ರೋಗಿಗಳ ವಿವರಗಳನ್ನು ಗಣಕಕ್ಕೆ ಉಣಿಸಿದರು. 1972ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗಣಕದ ರೋಗನಿದಾನ ಶೇಕಡಾ 91.8ರಷ್ಟು ಸರಿ, ಹಿರಿಯ ವೈದ್ಯರದು 79.6. ಅದೇ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ 'ಮೈಸಿನ್', ಸೋಂಕುಗಳಿಗೆ ಔಷಧ ಸೂಚಿಸುವುದರಲ್ಲಿ ತಜ್ಞರಿಗೆ ಸರಿಸಾಟಿಯಾಯಿತು. ಆದರೂ ನಿತ್ಯದ ಚಿಕಿತ್ಸೆಯಲ್ಲಿ ಅದನ್ನು ಬಳಸಲೇ ಇಲ್ಲ.

ಏಕೆ? ರಕ್ತಪರೀಕ್ಷೆಯ ಯಂತ್ರವನ್ನು, ಸ್ಕ್ಯಾನನ್ನು ಇದೇ ವೈದ್ಯರು ಕೈಚಾಚಿ ಬರಮಾಡಿಕೊಂಡರಲ್ಲ! ಅವು ಅಂಕಿ, ಚಿತ್ರ ಕೊಟ್ಟು ಸುಮ್ಮನಿರುತ್ತವೆ. ಕೊನೆಯ ಮಾತು ವೈದ್ಯರದೇ. ಆ ಕೊನೆಯ ಮಾತಿಗೇ ಯಂತ್ರ ಬಾಯಿ ಹಾಕಿದಾಗ ಕೈಗುಣದ ನೆನಪಾಗುತ್ತದೆ. ಇದು ಪ್ರತಿಷ್ಠೆಯಲ್ಲದೆ ಮತ್ತೇನು?

ಆದರೆ ಎಲ್ಲವೂ ಪ್ರತಿಷ್ಠೆಯಲ್ಲ. ಮಾತುಮಾತಿಗೂ 'ಎಚ್ಚರಿಕೆ' ಎಂದು ಕೂಗುವ ಯಂತ್ರದ ಮಾತನ್ನು ಯಾರು ಕೇಳುತ್ತಾರೆ? ಹುಲಿ ಬಂತು ಹುಲಿ ಕಥೆಯೇ ಆಯಿತು. ಮೇಲಾಗಿ, ಎಡವಟ್ಟಾದರೆ ರೋಗಿಯ ಮನೆಯವರು ಹಿಡಿಯುವುದು ವೈದ್ಯನ ಕೊರಳಪಟ್ಟಿ, ಗಣಕದ್ದಲ್ಲ.

ನಾನು ಬ್ಯಾಂಕಿನ ಗುಮಾಸ್ತ. 1980ರ ದಶಕದಲ್ಲಿ ನಮ್ಮ ಹಿರಿಯರು ಗಣಕದ ವಿರುದ್ಧ ಘೋಷಣೆ ಕೂಗಿದರು. ಗಣಕ ಬಂತು, ಲೆಡ್ಜರು ಹೋಯಿತು. ಅದಕ್ಕೆ ನನಗೆ ದುಃಖವಿಲ್ಲ. ಆದರೆ ಸಾಲ ಕೇಳಿ ಬಂದ ಅಡಿಕೆ ಕೃಷಿಕನಿಗೆ ಇಂದು ನಾನು ಹೇಳುವುದು ಒಂದೇ ಮಾತು: "ಸಿಸ್ಟಂ ಒಪ್ಪುವುದಿಲ್ಲ." ಏಕೆಂದು ಅವರು ಕೇಳಿದರೆ ಎಷ್ಟೋ ಸಲ ನನ್ನಲ್ಲಿ ಉತ್ತರವಿಲ್ಲ. ನಾಚಿಕೆಯಾಗುತ್ತದೆ. ಸಾಲ ಸಿಗದವರು ಇನ್ನೊಂದು ಬ್ಯಾಂಕಿನ ಮೆಟ್ಟಿಲು ಹತ್ತಿಯಾರು. ರೋಗನಿದಾನ ತಪ್ಪಿದವರು ಎಲ್ಲಿಗೆ ಹೋಗಬೇಕು?

ಲೀಡ್ಸ್‌ನ ಗಣಕ ಗೆದ್ದದ್ದು ತನ್ನಷ್ಟಕ್ಕೆ ತಾನೇ ಅಲ್ಲ. ನೋವು ಎಲ್ಲಿ ಹುಟ್ಟಿತು, ಎಲ್ಲಿಗೆ ಸರಿಯಿತು ಎಂದು ವೈದ್ಯರು ಕ್ರಮವಾಗಿ ಕೇಳಿ ಬರೆದುಕೊಟ್ಟದ್ದರಿಂದ. ಆ ಪ್ರಯೋಗ ನಡೆಯುತ್ತಿದ್ದಷ್ಟು ಕಾಲ ವೈದ್ಯರ ಸ್ವಂತ ನಿದಾನವೂ ಸುಧಾರಿಸಿತ್ತು. ನಿಂತ ಮೇಲೆ ಹಿಂದಿನ ಸ್ಥಿತಿಗೇ ಮರಳಿತು. ಕೇಳುವುದಕ್ಕೆ ಭಾಷೆ ಬೇಕು. ತುಳುವಿನಲ್ಲಿ ನರಳುವ, ಕನ್ನಡದಲ್ಲಿ ವಿವರಿಸುವ, ಮಲಯಾಳದಲ್ಲಿ ಉತ್ತರ ಕೇಳಿಸಿಕೊಳ್ಳುವ ನಮ್ಮ ಕಾಸರಗೋಡಿನ ರೋಗಿಯ ಮಾತು ಮೊದಲು ವೈದ್ಯನ ಕಿವಿಗೆ ಮುಟ್ಟಬೇಕು. ತಪ್ಪು ಕೇಳಿಸಿಕೊಂಡು ಬರೆದರೆ ಗಣಕವೂ ತಪ್ಪನ್ನೇ ಹೇಳೀತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ: ವೈದ್ಯರು ಮೊದಲು ತಮ್ಮ ಅಭಿಪ್ರಾಯ ಬರೆಯಲಿ, ಅನಂತರ ಯಂತ್ರದ್ದನ್ನು ನೋಡಲಿ, ಎರಡೂ ಬೇರೆಯಾದರೆ ಕಾರಣ ಬರೆದು ರುಜು ಹಾಕಲಿ. ನೋಡುವುದಿಲ್ಲವೆಂಬ ಹಟವೂ ಬೇಡ, ಯಂತ್ರ ಹೇಳಿತೆಂಬ ನೆಪವೂ ಬೇಡ. ಆ ನೆಪ ಹೇಳುವುದಕ್ಕೆ ನಮ್ಮಂಥ ಗುಮಾಸ್ತರೇ ಸಾಕು.